ನೀಲವೈನಿ ಬರೆದ ಕೈ

ನಮ್ಮಣ್ಣನ ಹೆಂಡತಿ ನೀಲವೈನಿಗೆ ಚಿತ್ರ ಬರೆಯಲು ಬರುವುದಿಲ್ಲ. ಮುಂದೆ ನಾನು ಅವಳನ್ನು ಬಾಯಿತುಂಬ ಹೊಗಳುವವನಿದ್ದೇನೆ, ಆದ್ದರಿಂದ ಈ ಮಾತನ್ನು ಮೊದಲೇ ಹೇಳಿಬಿಡುವುದು ವಾಸಿ. ಅವಳು ಬರೆದ ಆಕಳು ಮಲಗುವ ಹೊರಸಿನ ಹಾಗೆ ಕಾಣುತ್ತದೆ. ಅಂಗಳದಲ್ಲಿ ಅವಳು ಹಾಕಿದ ರಂಗೋಲಿಯನ್ನು ನೋಡಿ ಹಾಲಿನವನು ಒಮ್ಮೆ, ಹಿಟ್ಟು ಚೆಲ್ಲಿದೆ ಎಂದು ಬಾಗಿಲು ಬಡಿದು ತಿಳಿಸಿ ಹೋಗಿದ್ದ. ಬೇರೆ ಊರಿನಲ್ಲಾಗಿದ್ದರೆ ಇದು ಕೊರತೆಯೇ ಅಲ್ಲ. ಆಕಳು ಬರೆಯಲು ಬಾರದವರೂ ಉಂಡುಟ್ಟು ಸುಖವಾಗಿಯೇ ಇದ್ದಾರೆ. ಆದರೆ ನಮ್ಮೂರಿನಲ್ಲಿ ಬಣ್ಣ ಕಾಣದ ಪೆಟ್ಟಿಗೆಗೆ ಬಾಯಿ ಬರುವುದಿಲ್ಲ.

ರೇಡಿಯೋ, ಮಿಕ್ಸಿ, ಫ್ಯಾನು, ಕರೆಂಟು ಕುಡಿಯುವ ಯಾವುದೇ ಸಾಮಾನಿರಲಿ, ಮೈಮೇಲೆ ಒಂದು ಚಿತ್ರವಿಲ್ಲದಿದ್ದರೆ ಇಲ್ಲಿ ಅದು ಮಿಸುಕುವುದಿಲ್ಲ. ಕ್ಯಾಲೆಂಡರ್ ನೋಡಿ ಇಳಿಸಿದ ಚಿತ್ರವೂ ನಡೆಯದು. ಬರೆಯುವವರು ಅದನ್ನು ಕಣ್ಣು ತಣಿಯುವಷ್ಟು ನೋಡಿರಬೇಕು. ಹೀಗಾಗಿ ದರ್ಜಿಯ ಮನೆಯ ಫ್ಯಾನಿನ ಮೇಲೆ ಕತ್ತರಿಗಳು ತಿರುಗುತ್ತವೆ, ಹಿಟ್ಟಿನ ಗಿರಣಿಯ ಯಂತ್ರದ ಮೇಲೆ ಗಿರಣಿಯವನ ಬೆಕ್ಕು ಕೂತಿದೆ. ಹೊರಗಿನಿಂದ ಮಿಕ್ಸಿ ಮಾರಲು ಬಂದವರು ಅದು ಓಡದೆ ಬೆವರತೊಡಗಿದರೆ ನಮ್ಮ ಹೆಂಗಸರು ಬಣ್ಣ ತಂದು, ಅದರ ಹೊಟ್ಟೆಯ ಮೇಲೊಂದು ಮೆಣಸಿನಕಾಯಿ ಬರೆದು, ಈಗ ಹಚ್ಚಿರಿ ಎನ್ನುತ್ತಾರೆ. ಸಾಮಾನಿನ ದನಿಯೂ ಚಿತ್ರದ ಗುಣವನ್ನೇ ಹಿಡಿಯುತ್ತದೆ. ಮೆಣಸಿನಕಾಯಿ ಬರೆದ ಮಿಕ್ಸಿಗೆ ಸಿಟ್ಟು ತುಸು ಜಾಸ್ತಿ.

ಮನುಷ್ಯರನ್ನು ಮಾತ್ರ ಬರೆಯಬಾರದು. ಬಡಿಗೇರ ಮೌನೇಶಪ್ಪ ಒಮ್ಮೆ ಪ್ರೀತಿ ಉಕ್ಕಿ ಮನೆಯ ಮಿಕ್ಸಿಯ ಮೇಲೆ ಅತ್ತೆಯ ಮುಖ ಬರೆದಿದ್ದ. ಆಕೆಗೆ ಸೋಮವಾರ ಉಪವಾಸ, ಅಂದು ಮಿಕ್ಸಿಯೂ ಏನನ್ನೂ ಅರೆಯುತ್ತಿರಲಿಲ್ಲ. ಆಕೆಗೆ ನೆಗಡಿಯಾದರೆ ಅದೂ ಗೊರಗೊರ ಎನ್ನುತ್ತಿತ್ತು. ಕಡೆಗೆ ಆ ಮುದುಕಿ ತೀರಿಕೊಂಡ ಬೆಳಗ್ಗೆ ಚಟ್ನಿ ಅರ್ಧಕ್ಕೇ ನಿಂತುಹೋಯಿತು, ಆಮೇಲೆ ಎಷ್ಟು ಬಣ್ಣ ಬಳಿದರೂ ಮಿಕ್ಸಿ ಏಳಲಿಲ್ಲ. ಮುಖ ಬರೆದರೆ ಮುಖಕ್ಕೆ, ಕಾಲು ಬರೆದರೆ ಕಾಲಿಗೆ, ಪೆಟ್ಟಿಗೆಯ ಜೀವ ಆ ಮನುಷ್ಯನ ಜೀವಕ್ಕೆ ಗಂಟು ಬೀಳುತ್ತದೆ ಎಂದು ಅಂದಿನಿಂದ ಊರಿಗೆಲ್ಲ ಗೊತ್ತು.

ನನ್ನ ಹೆಸರು ಗುರುನಾಥ. ಗಿಟಾರ್ ಬಾರಿಸುತ್ತೇನೆ. ನಮ್ಮೂರಿನಲ್ಲಿ ಮದುವೆಗೂ ಗಿಟಾರ್ ಬೇಕು, ಹೊಸ ಬಾವಿಯ ಪೂಜೆಗೂ ಬೇಕು. ತಂತಿಯ ದನಿ ಸ್ಪೀಕರಿಗೆ ಹೋಗುವ ದಾರಿಯಲ್ಲಿ, ಬಾರಿಸುವವನ ಕಾಲಡಿ, ಒಂದು ಡಬ್ಬಿ ಇರುತ್ತದೆ. ನೀವು ಅದನ್ನು ಪೆಡಲ್ ಎನ್ನುತ್ತೀರಿ, ನಾವು ತುಳಿಡಬ್ಬಿ ಎನ್ನುತ್ತೇವೆ. ತುಳಿದರೆ ದನಿ ಬೇರೆಯಾಗುತ್ತದೆ. ಒಂದು ಡಬ್ಬಿ ಅದನ್ನು ಒರಟು ಮಾಡುತ್ತದೆ, ಇನ್ನೊಂದು ನಡುಗಿಸುತ್ತದೆ, ಮತ್ತೊಂದು ಬಾವಿಯೊಳಗೆ ಕೂಗಿದ ಹಾಗೆ ತಿರುಗಿ ಕೊಡುತ್ತದೆ. ಇವುಗಳನ್ನು ಮಾಡುವವರದೇ ಒಂದು ಓಣಿ ಇದೆ. ಆ ಓಣಿಯಲ್ಲಿ ನಮ್ಮ ಮನೆ, ನಮ್ಮ ಬಾಗಿಲ ಮೇಲೊಂದು ಹಲಗೆ: ಶಿವಪುತ್ರ ಮತ್ತು ನೀಲವ್ವ, ತುಳಿಡಬ್ಬಿ ಮಾಡುವವರು. ಗಂಡ ಹೆಂಡಿರ ಹೆಸರು ಜೊತೆಗಿದ್ದ ಹಲಗೆ ಆ ಓಣಿಯಲ್ಲಿ ಅದೊಂದೇ.

ನಡುಮನೆಯ ಮೇಜಿನ ಈ ಬದಿಗೆ ವೈನಿ, ಆ ಬದಿಗೆ ಅಣ್ಣ, ಎದುರುಬದುರು ಕೂತು ಇಪ್ಪತ್ತೆರಡು ವರ್ಷ ಕೆಲಸ ಮಾಡಿದರು. ಡಬ್ಬಿಯ ಒಳಗೆಲ್ಲ ಅವಳದು, ಹೊರಗೆಲ್ಲ ಅವನದು. ಅವಳ ಬೆಸುಗೆಯನ್ನು ನೀವು ನೋಡಬೇಕು. ಒಂದೊಂದೂ ಸಾಸಿವೆ ಕಾಳಿನಷ್ಟು, ಒಂದೊಂದೂ ಮಿರಮಿರ, ಎಲ್ಲಿಯೂ ಒಂದು ಹನಿ ಹೆಚ್ಚಿಲ್ಲ. ಹಳೆಯ ರೇಡಿಯೋಗಳಿಂದ ಬಿಚ್ಚಿದ ಟ್ರಾನ್ಸಿಸ್ಟರುಗಳು ಬಿಸಿಲಿಗೆ ಮುನಿಸಿಕೊಂಡು ದನಿ ಕೆಡಿಸುತ್ತವೆಂದು ಅವನ್ನು ಔಷಧದ ಸೀಸೆಯಲ್ಲಿ ಹಾಕಿ, ಸೀಸೆಯನ್ನು ನೀರಿನ ಮಡಕೆಯ ಪಕ್ಕದ ಒದ್ದೆ ಮರಳಿನಲ್ಲಿ ಹುಗಿದಿಡುತ್ತಿದ್ದಳು. ನೂರರಲ್ಲಿ ಎರಡನ್ನು ಆರಿಸುತ್ತಿದ್ದಳು, ಉಳಿದವನ್ನು ಬೈಯದೆ ವಾಪಸ್ ಇಡುತ್ತಿದ್ದಳು. ಬ್ಯಾಟರಿಯನ್ನು ನಾಲಿಗೆಗೆ ಮುಟ್ಟಿಸಿ ಇನ್ನೆಷ್ಟು ದಿನ ಬಾಳುತ್ತದೆಂದು ಹೇಳುತ್ತಿದ್ದಳು, ಹೇಳಿದ್ದು ಒಂದು ದಿನವೂ ಆಚೀಚೆ ಆಗುತ್ತಿರಲಿಲ್ಲ. ನಾನು ಊರೂರು ತಿರುಗಿದವನು, ಕಂಪನಿಯ ಡಬ್ಬಿಗಳನ್ನೂ ಬಿಚ್ಚಿ ನೋಡಿದ್ದೇನೆ. ವೈನಿಯ ಕೈಯ ಅಚ್ಚುಕಟ್ಟು ಎಲ್ಲಿಯೂ ಕಾಣಲಿಲ್ಲ.

ಅಣ್ಣನೂ ಕಡಿಮೆಯವನಲ್ಲ. ಎರಕದ ಅಲ್ಯೂಮಿನಿಯಂ ಡಬ್ಬಿಗೆ ಪಾಲಿಶ್ ಕಾಗದ ತಿಕ್ಕಿ, ಬಿಳಿ ಬಣ್ಣದ ಅಸ್ತರ ಹಚ್ಚಿ, ಅಳಿಲಿನ ಬಾಲದ ಬ್ರಷ್ಷಿನಿಂದ ಬರೆಯುತ್ತಿದ್ದ. ಅವನು ಕಂದೀಲು ಬರೆದ ಡಬ್ಬಿಯನ್ನು ತುಳಿದರೆ ದನಿ ಮೊದಲು ಭಗ್ಗೆಂದು ಆಮೇಲೆ ನಿಧಾನಕ್ಕೆ ಇಳಿಯುತ್ತಿತ್ತು. ತೊಟ್ಟಿಕ್ಕುವ ನಲ್ಲಿ ಬರೆದ ಡಬ್ಬಿಯನ್ನು ನಾನು ಮೂರು ವರ್ಷ ಬಾರಿಸಿದೆ, ಕೇಳಿದವರಿಗೆಲ್ಲ ಬಾಯಾರುತ್ತಿತ್ತು. ಬರೆಯುವಾಗ ಅವನ ಬೆರಳೆಲ್ಲ ಬಣ್ಣ. ಊಟಕ್ಕೆ ಕೂತಾಗ ಅನ್ನಕ್ಕೆ ಬಣ್ಣ ಹತ್ತೀತೆಂದು ವೈನಿ ಬೈಯುವಳು, ಅವನು ನಗುತ್ತ ತೊಳೆದುಕೊಂಡು ಬರುವನು, ಬಣ್ಣ ಮಾತ್ರ ಹೋಗುತ್ತಿರಲಿಲ್ಲ.

ದೀಪಾವಳಿ ಮುಗಿದ ವಾರ ಅಣ್ಣನಿಗೆ ಲಕ್ವ ಹೊಡೆಯಿತು. ನಾಲಿಗೆ ಉಳಿಯಿತು, ಕಾಲು ಎರಡು ತಿಂಗಳಲ್ಲಿ ಬಂತು, ಬಲಗೈ ಮಾತ್ರ ಬರಲಿಲ್ಲ. ಪಡಸಾಲೆಯ ಹೊರಸಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗುವುದನ್ನು ಕಲಿತ. ಎಡಗೈಯಲ್ಲಿ ಬರೆದು ನೋಡು ಎಂದು ಎಲ್ಲರೂ ಹೇಳಿ ನೋಡಿದರು. ಕಲ್ಲಿನಂಥ ಹಠ ಅವನದು, ಎಡಗೈ ಬರೆದದ್ದು ಎಡಗೈಯ ಹಾಗೇ ಕೂಗುತ್ತದೆ, ನನ್ನ ಹೆಸರಿನಲ್ಲಿ ಅದು ಬೇಡ ಎಂದುಬಿಟ್ಟ. ಬ್ರಷ್ಷುಗಳನ್ನು ತನ್ನ ಕಣ್ಣಿಗೆ ಬೀಳದಂತೆ ಅಟ್ಟದ ಮೇಲೆ ಇಡಿಸಿದ.

ನಮ್ಮ ಓಣಿಗೊಂದು ಕಟ್ಟಳೆ ಇದೆ. ಯುಗಾದಿಯ ಬೆಳಗ್ಗೆ ಪ್ರತಿ ಮನೆಯೂ ಒಂದು ಹೊಸ ಡಬ್ಬಿಯನ್ನು ಕೇಳಿಸಬೇಕು. ಅದನ್ನು ಹಲಗೆಯಲ್ಲಿ ಹೆಸರಿದ್ದವರೇ ಕಟ್ಟಿರಬೇಕು, ಅವರೇ ಬರೆದಿರಬೇಕು. ಡಬ್ಬಿ ಮೂಕವಾದರೆ ಹಲಗೆ ಇಳಿಯುತ್ತದೆ, ಇಳಿದದ್ದು ಮತ್ತೆ ಏರುವುದಿಲ್ಲ. ಕೇಳಿ ತೀರ್ಪು ಕೊಡುವವರು ಓಣಿಯ ಹಿರಿಯರಾದ ಮೀರಾಸಾಬಜ್ಜ. ಎಂಬತ್ತು ದಾಟಿದವರು, ಒಳ್ಳೆಯವರು, ಆದರೆ ಕಿವಿಯ ವಿಷಯದಲ್ಲಿ ಮುಲಾಜಿಲ್ಲ. ತಮ್ಮ ಸ್ವಂತ ಅಳಿಯನ ಹಲಗೆಯನ್ನು ಅವರೇ ನಿಂತು ಇಳಿಸಿದ್ದರು.

ಪಕ್ಕದ ಓಣಿಯ ಪೇಂಟರ್ ಚನ್ನಮಲ್ಲ ಬಂದು, ತಾನು ಬರೆದುಕೊಡುತ್ತೇನೆ, ಹಲಗೆಯಲ್ಲಿ ಶಿವಪುತ್ರನ ಹೆಸರಿನ ಜಾಗಕ್ಕೆ ತನ್ನದನ್ನು ಹಾಕಿದರಾಯಿತು ಎಂದ. ವೈನಿ ಅವನಿಗೆ ಚಹಾ ಕೊಟ್ಟಳು, ಮಕ್ಕಳ ಬಗ್ಗೆ ವಿಚಾರಿಸಿದಳು, ಬಾಗಿಲವರೆಗೆ ಕಳಿಸಿ ಬಂದಳು. ಮರುದಿನ ಅಟ್ಟ ಹತ್ತಿ ಬ್ರಷ್ಷು ಇಳಿಸಿಕೊಂಡಳು. ಹಲಗೆಯಲ್ಲಿ ತನ್ನ ಹೆಸರೂ ಇದೆಯಲ್ಲ, ತಾನೇ ಬರೆಯುವುದೆಂದು ತೀರ್ಮಾನಿಸಿದ್ದಳು.

ಮೊದಲು ದಾಸವಾಳ ಬರೆದಳು. ಡಬ್ಬಿ ಮೂಕ. ಒಳಗೆ ಒಂದು ತಪ್ಪಿಲ್ಲ, ಅವಳ ಬೆಸುಗೆ ತಪ್ಪುವುದುಂಟೆ? ಚಿತ್ರ ಕೆರೆದು ಗಿಳಿ ಬರೆದಳು, ಮೂಕ. ಗಿಳಿಯನ್ನು ಕೆರೆದು ಕೊಡ ಬರೆದಳು, ಅದೂ ಮೂಕ. ದಿನಾ ಹೊತ್ತ ಕೊಡವನ್ನು ತಾನು ನೋಡಿಲ್ಲವೇ ಎಂದು ನನ್ನ ಮೇಲೆ ರೇಗಿದಳು. ಹೊತ್ತದ್ದು ನಿಜ, ಆದರೆ ಕೊಡವನ್ನು ಬಲ್ಲದ್ದು ಅವಳ ಸೊಂಟ, ಕಣ್ಣಲ್ಲ. ಅಂದ ಕೆಟ್ಟಿದ್ದರೆ ನಮ್ಮೂರು ಕ್ಷಮಿಸುತ್ತದೆ, ನೋಡದೆ ಬರೆದದ್ದನ್ನು ಕ್ಷಮಿಸುವುದಿಲ್ಲ. ಆಮೇಲೆ ಅವಳು ನೋಡುವುದನ್ನೇ ಒಂದು ಕೆಲಸ ಮಾಡಿಕೊಂಡಳು. ನೆರೆಮನೆಯ ಆಡಿನ ಮುಂದೆ ಮೂರು ದಿನ ಬೆಳಗಿನಿಂದ ಸಂಜೆಯವರೆಗೆ ಕೂತಳು. ನೆರೆಯವರು ಇವಳು ಆಡು ಕೊಳ್ಳಲು ಬಂದಿರಬೇಕೆಂದು ಅದಕ್ಕೆ ಸ್ನಾನ ಮಾಡಿಸಿ ಗೆಜ್ಜೆ ಕಟ್ಟಿದರು. ಆಡು ಬರೆದ ಡಬ್ಬಿ ಒಮ್ಮೆ ಕೆಮ್ಮಿದಂತೆ ಮಾಡಿ ಸುಮ್ಮನಾಯಿತು. ಮೂರು ದಿನದ ನೋಟಕ್ಕೆ ಅಷ್ಟೇ ಫಲ.

ಯುಗಾದಿಗೆ ಹತ್ತು ದಿನವಿತ್ತು. ನಾನು ಹಿತ್ತಲಿಗೆ ಹೋದಾಗ ವೈನಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು, ಕೆರೆದ ಡಬ್ಬಿ ಮಡಿಲಲ್ಲಿತ್ತು. ನನ್ನನ್ನು ಹತ್ತಿರ ಕರೆದಳು.

"ಗುರು, ಇಪ್ಪತ್ತೆರಡ ವರ್ಷ ತಲಿ ಬಗ್ಗಿಸಿ ಬೆಸಗಿ ಹಾಕೀನಿ. ನಡುನಡುವ ತಲಿ ಎತ್ತಿದಾಗ ಏನ್ ನೋಡೀನಿ ಗೊತ್ತೇನು? ನಿಮ್ಮಣ್ಣನ ಕೈ. ಅದೊಂದ ನೋಡೀನಿ. ಮತ್ತೇನೂ ನೋಡಿಲ್ಲ."

ಮನುಷ್ಯರನ್ನು ಬರೆಯಬಾರದೆಂದು ನೆನಪಿಸಿದೆ. ಮೌನೇಶಪ್ಪನ ಅತ್ತೆಯ ಕಥೆಯನ್ನು ಅವಳಿಗೆ ಗೊತ್ತಿಲ್ಲವೆಂಬಂತೆ ಮೊದಲಿನಿಂದ ಹೇಳಿದೆ. ಬಿದ್ದ ಕೈಯನ್ನು ಬರೆದರೆ ಡಬ್ಬಿಯೂ ಬಿದ್ದೇ ಇರುತ್ತದೆ, ಓಣಿಯ ಮುಂದೆ ಮಾನ ಹೋಗುತ್ತದೆ, ಅಣ್ಣನ ಎದೆ ಒಡೆಯುತ್ತದೆ ಎಂದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಮೂಕ ಇದ್ರ ಮೂಕ ಇರ್ಲಿ. ಹಲಗಿ ಇಳಸೋದ ಆದ್ರ, ಅವರ ಕೈ ಒಂದ್ ಸಲ ಬರದೇ ಇಳಸ್ತೀನಿ."

ಅಡಿಗೆಮನೆಯ ಬಾಗಿಲು ಹಾಕಿಕೊಂಡು ಅವಳು ಕೆಲಸಕ್ಕೆ ಕೂತಳು. ಡಬ್ಬಿಯ ಒಳಗಿನದನ್ನೆಲ್ಲ ಕಿತ್ತು ಹೊಸದಾಗಿ ಕಟ್ಟಿದಳು. ಒರಟು ಬೇಡ, ನಡುಕ ಬೇಡ, ತಂತಿಯ ದನಿಯನ್ನು ಹಿಂದಿನಿಂದ ಒಂದಿಷ್ಟು ತಳ್ಳಿದರೆ ಸಾಕು, ಕೈಹಿಡಿದು ಮೆಟ್ಟಿಲು ಹತ್ತಿಸಿದ ಹಾಗೆ ಎಂದಳು. ಸೀಸೆಯ ತಳದಲ್ಲಿದ್ದ, ಎಷ್ಟೋ ವರ್ಷದಿಂದ ಯಾರಿಗೂ ಕೊಡದೆ ಕಾದಿಟ್ಟಿದ್ದ ಎರಡು ಟ್ರಾನ್ಸಿಸ್ಟರುಗಳನ್ನು ತೆಗೆದು ಹಾಕಿದಳು. ಚಿತ್ರಕ್ಕೆ ನಾಲ್ಕು ದಿನ ಹಿಡಿಯಿತು. ಉಸಿರು ಬಿಗಿಹಿಡಿದು, ನಾಲಿಗೆಯ ತುದಿ ಕಚ್ಚಿಕೊಂಡು ಬರೆದಳು. ಮುಗಿದ ಮೇಲೆ ನನಗೆ ತೋರಿಸಿದಳು. ಬೆರಳು ಮೇಲಾಗಿ, ಅಂಗೈಯಲ್ಲ, ಕೈಯ ಬೆನ್ನು ಕಾಣುವಂತೆ ಎತ್ತಿದ ಒಂದು ಕೈ, ಮಣಿಕಟ್ಟಿನ ಕೆಳಗೆ ತುಳಿಯುವ ಗುಂಡಿ. ನಿಜ ಹೇಳಬೇಕೆಂದರೆ ಅದು ಬಾಳೆಹಣ್ಣಿನ ಚಿಪ್ಪಿನ ಹಾಗಿತ್ತು. ಆದರೆ ನೋಡುತ್ತ ನೋಡುತ್ತ ಅದರಲ್ಲಿ ಅಣ್ಣನ ಕೈಯೇ ಕಂಡಿತು. ಕಿರುಬೆರಳು ತುಸು ಒಳಕ್ಕೆ ಬಾಗಿದ್ದು, ನಡುಬೆರಳಿನ ಮೇಲೆ ಬ್ರಷ್ಷು ಒತ್ತಿ ಒತ್ತಿ ಆದ ಗಂಟು, ಎಲ್ಲ ಇತ್ತು. ತಮ್ಮನಾಗಿ ನಾನು ಎಂದೂ ಕಾಣದ್ದನ್ನು ಅವಳು ಮೇಜಿನಾಚೆಯಿಂದ ಕಂಡಿದ್ದಳು.

ವಾರ್ನಿಷ್ ಪೂರ್ತಿ ಒಣಗುವ ತನಕ ಡಬ್ಬಿಯನ್ನು ಮುಟ್ಟುವಂತಿಲ್ಲ, ಅದು ಒಣಗಿದ್ದು ಯುಗಾದಿಯ ಬೆಳಗಿಗೆ. ಬೇವು ಬೆಲ್ಲ ಬಾಯಲ್ಲಿರುವಾಗಲೇ ಮೀರಾಸಾಬಜ್ಜ ತಮ್ಮ ಮಣೆ ಹಿಡಿದುಕೊಂಡು ಬಂದರು, ಹಿಂದೆ ಓಣಿಯ ನಾಲ್ಕಾರು ಜನ. ಅಜ್ಜ ಡಬ್ಬಿಗೆ ಬೆನ್ನು ಮಾಡಿ ಕೂಡುತ್ತಾರೆ, ಚಿತ್ರ ನೋಡಿದರೆ ಕಿವಿ ಮೋಸ ಹೋಗುತ್ತದೆಂದು. ಅಣ್ಣ ಪಡಸಾಲೆಯಲ್ಲಿ ಗೋಡೆ ನೋಡುತ್ತ ಮಲಗಿಯೇ ಇದ್ದ. ನಾನು ಗಿಟಾರ್ ಕೊರಳಿಗೆ ಹಾಕಿಕೊಂಡು ಅಂಗಳದಲ್ಲಿ ನಿಂತೆ. ವಯರು ಸಿಕ್ಕಿಸಿ ಆಯಿತು, ಇನ್ನು ತುಳಿಯುವುದೊಂದೇ ಬಾಕಿ. ನನ್ನ ಕಾಲು ಏಳಲಿಲ್ಲ. ಈ ಕಾಲಿನಿಂದ ಸಾವಿರ ಸಲ ಡಬ್ಬಿ ತುಳಿದಿದ್ದೇನೆ. ಆದರೆ ಇದು ಅಣ್ಣನ ಕೈ. ನನ್ನನ್ನು ಎತ್ತಿ ಆಡಿಸಿದ ಕೈಯನ್ನು ತುಳಿಯುವುದು ಹೇಗೆ? ವೈನಿ ನನ್ನನ್ನೇ ನೋಡುತ್ತಿದ್ದಳು. ಚಪ್ಪಲಿ ಬಿಟ್ಟೆ, ಬಗ್ಗಿ ಡಬ್ಬಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ, ಹೆಬ್ಬೆರಳಿನ ತುದಿಯಿಂದ ಗುಂಡಿ ಒತ್ತಿದೆ. ತಂತಿ ಮೀಟಿದೆ.

ದನಿ ಬಂತು. ಒಂದು ಕ್ಷಣ ಯಾರಿಗೂ ನಂಬಿಕೆಯಾಗಲಿಲ್ಲ, ನನಗಂತೂ ಮೊದಲೇ ಇಲ್ಲ. ಸಣ್ಣ ದನಿಯಲ್ಲ, ಅಂಗಳ ತುಂಬುವ ದನಿ. ಆದರೆ ಅದರಲ್ಲೊಂದು ವಿಚಿತ್ರವಿತ್ತು. ಬಲವಿತ್ತು, ರೂಢಿ ಇರಲಿಲ್ಲ. ಹೊಸದಾಗಿ ಕೆಲಸಕ್ಕೆ ನಿಂತ ಗಟ್ಟಿ ಆಳಿನ ಹಾಗೆ ಅಲ್ಲಲ್ಲಿ ತಡವರಿಸಿ, ಮತ್ತೆ ಜೋರಾಗಿ ಮುಂದೆ ಬರುತ್ತಿತ್ತು. ವೈನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೀರಾಸಾಬಜ್ಜ ಕಣ್ಣು ಮುಚ್ಚಿ ತಲೆ ಓರೆ ಮಾಡಿ ಕೇಳುತ್ತಲೇ ಇದ್ದರು.

ಅಷ್ಟರಲ್ಲಿ ಅಣ್ಣ ಎದ್ದು ಹೊರಗೆ ಬಂದ. ಎಡಗೈಯನ್ನು, ಜೋಮು ಹಿಡಿದವರು ಮಾಡುವಂತೆ, ಕೊಡವುತ್ತ ಬಂದ. ಡಬ್ಬಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದ. ಇದು ಯಾರ ಕೈ ಎಂದು ಕೇಳಿದ. ನಿಮ್ಮದೇ ಎಂದಳು ವೈನಿ, ನೆಲ ನೋಡುತ್ತ.

"ಹೆಬ್ಬಟ್ಟ ನೋಡು ನೀಲಾ. ಯಾವ ಕಡೆ ಐತಿ?"

ಅವನು ಬಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡ, ಪಕ್ಕದಲ್ಲಿ ಎಡಗೈಯನ್ನೂ ಚಾಚಿದ. ಆಗ ನಮ್ಮೆಲ್ಲರಿಗೂ ಕಂಡಿತು. ವೈನಿ ಆ ಕೈಯನ್ನು ಇಪ್ಪತ್ತೆರಡು ವರ್ಷ ನೋಡಿದ್ದು ಎದುರಿನಿಂದ. ಬೆರಳುಗಳು ಅವಳ ಕಡೆಗೆ ಚಾಚಿರುತ್ತಿದ್ದವು, ಹೆಬ್ಬೆರಳು ಅವಳ ಬಲಕ್ಕೆ ಇರುತ್ತಿತ್ತು. ಬರೆಯುವಾಗ ಬೆರಳುಗಳನ್ನು ಮೇಲಕ್ಕೆ ತಿರುಗಿಸಿದಳು, ಹೆಬ್ಬೆರಳನ್ನು ಮಾತ್ರ ಕಂಡ ಕಡೆಯೇ ಬಿಟ್ಟಳು. ಡಬ್ಬಿಯ ಮೇಲಿದ್ದದ್ದು ಬಲಗೈಯಲ್ಲ. ಎಡಗೈ. ಅಣ್ಣನ ಮೈಯಲ್ಲಿ ಜೀವ ಇದ್ದ ಕೈ.

ವೈನಿಯ ಮುಖ ಸಣ್ಣದಾಯಿತು. ಇಷ್ಟು ವರ್ಷ ನೋಡಿದ್ದೊಂದೇ ಒಂದು, ಅದನ್ನೂ ತಪ್ಪಿ ಬರೆದೆನಲ್ಲ ಎಂಬ ನಾಚಿಕೆ. ತಿದ್ದುತ್ತೇನೆ ಎಂದು ಕೆರೆಯುವ ಪಾಲಿಶ್ ಕಾಗದಕ್ಕೆ ಕೈ ಹಾಕಿದಳು.

"ಮುಟ್ಟಬ್ಯಾಡ ಮಗಳ," ಮೀರಾಸಾಬಜ್ಜ ತಿರುಗಿ ನೋಡದೆಯೇ ಹೇಳಿದರು. "ತಿದ್ದಿದ್ರ ಮೂಕ ಆಕ್ಕೈತಿ."

ಎಲ್ಲರೂ ಅಣ್ಣನ ಎಡಗೈಯನ್ನೇ ನೋಡುತ್ತಿದ್ದೆವು, ಅಣ್ಣನೂ ಅದನ್ನೇ ನೋಡುತ್ತಿದ್ದ. ಐದು ತಿಂಗಳಿಂದ ಅನ್ನ ಕಲಸಲು, ಹೊದಿಕೆ ಎಳೆದುಕೊಳ್ಳಲು ಬಿಟ್ಟರೆ ಆ ಕೈಯನ್ನು ಅವನು ಯಾವುದಕ್ಕೂ ಕೇಳಿರಲಿಲ್ಲ. ಅದು ಈಗ ತಾನೇ ಓಣಿಯ ಮುಂದೆ ತನ್ನ ದನಿ ತೆಗೆದಿತ್ತು. ಅವನು ಅಳುತ್ತಾನೆ ಎಂದುಕೊಂಡೆ. ಅವನು ಮತ್ತೆ ಡಬ್ಬಿಗೆ ಬಗ್ಗಿದ. ಹುಬ್ಬು ಗಂಟಿಕ್ಕಿತು. ಅದು ಕೆಲಸಗಾರನ ಸಿಟ್ಟು, ಅದನ್ನು ಕಂಡು ಎಷ್ಟು ದಿನವಾಗಿತ್ತೋ. ಬೆರಳು ಬಾಳೆಹಣ್ಣಾಗಿವೆ, ಮಣಿಕಟ್ಟು ಬೊಂಬಿನ ಹಾಗಿದೆ, ನೆರಳು ಎಲ್ಲಿ ಬೀಳಬೇಕೆಂದು ಗೊತ್ತಿಲ್ಲ ಎಂದು ಒಂದೊಂದೇ ತಪ್ಪು ಎಣಿಸಿದ.

"ಹೆಬ್ಬಟ್ಟ ಇರ್ಲಿ. ಉಗರ ಎಲ್ಲಿ ಅದಾವ? ಇಷ್ಟ ವರ್ಷ ನೋಡೀದಿ, ಉಗರ ಕಂಡಿಲ್ಲೇನ?"

"ಎಲ್ಲಿ ಕಾಣತಿದ್ವುರಿ," ಎಂದಳು ವೈನಿ. "ಯಾವಾಗ ನೋಡಿದ್ರೂ ಬಣ್ಣ ಮೆತ್ತಿರತಿತ್ತು."

ಅಣ್ಣ ಎಡಗೈ ಚಾಚಿದ. ಸಣ್ಣ ಬ್ರಷ್ಷು ತಾ ಎಂದ.

ಅವಳು ಓಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಬ್ರಷ್ಷು ಬಂತು, ಬಣ್ಣದ ಬಟ್ಟಲು ಬಂದವು, ಮುಚ್ಚಳ ತೆಗೆದದ್ದು ಅವಳು, ಡಬ್ಬಿ ಅಲುಗದಂತೆ ಹಿಡಿದದ್ದು ಅವಳು. ಅಣ್ಣ ಐದು ಉಗುರು ಬರೆದ. ಉಗುರಿನ ಬಣ್ಣವಲ್ಲ, ಒಂದಕ್ಕೆ ಕೆಂಪು, ಒಂದಕ್ಕೆ ಹಸಿರು, ಒಂದಕ್ಕೆ ಅರಿಶಿನ, ಕೆಲಸದ ದಿನಗಳಲ್ಲಿ ಇರುತ್ತಿದ್ದ ಹಾಗೆ. ಮೂರನೆಯದು ಬೆರಳು ಬಿಟ್ಟು ಹೊರಗೆ ಹೋಯಿತು, ಕಿರುಬೆರಳಿನದು ಸೋರಿ ಕೆಳಗಿಳಿಯಿತು. ಅವನಿಗೆ ಬೆವರು ಬಂದಿತ್ತು. ಒಳ್ಳೆಯ ದಿನಗಳಲ್ಲಿ ಅಷ್ಟು ಹೊತ್ತಿನಲ್ಲಿ ಒಂದು ಕಂದೀಲು ಮುಗಿಸುತ್ತಿದ್ದ. ಒಬ್ಬರೂ ಅಂಗಳ ಬಿಟ್ಟು ಕದಲಲಿಲ್ಲ.

ಮೀರಾಸಾಬಜ್ಜ ಜನ್ಮದಲ್ಲಿ ಮಾಡದ ಕೆಲಸ ಮಾಡಿದರು. ಮಣೆಯನ್ನು ತಿರುಗಿಸಿಕೊಂಡು ಡಬ್ಬಿಗೆ ಮುಖ ಮಾಡಿ ಕೂತರು. ಹಲಗೆ ಅಲ್ಲೇ ಇರಲಿ, ಎರಡು ಹೆಸರೂ ಇರಲಿ, ಅದರ ಮಾತು ಮುಗಿಯಿತು, ಈಗ ತಮ್ಮ ಖುಷಿಗೆ ಇನ್ನೊಮ್ಮೆ ಕೇಳಬೇಕು ಎಂದರು. ನಾನು ಉತ್ಸಾಹದಲ್ಲಿ, ಹಸಿ ಬಣ್ಣಕ್ಕೆ ತಾಗದ ಹಾಗೆ ಕಾಲಿಟ್ಟು, ಗುಂಡಿಯನ್ನು ಸ್ವಲ್ಪ ಜೋರಾಗಿಯೇ ತುಳಿದೆ. ಅಣ್ಣ ಎಡಗೈಯನ್ನು ಥಟ್ಟನೆ ಎದೆಗೆ ಎಳೆದುಕೊಂಡ.

"ಮೆಲ್ಲಕ ತುಳಿಯೋ ಗುರು. ನಾಳಿಂದ ಈ ಕೈಗೆ ಕೆಲಸ ಐತಿ."